ನಾಲ್ಕು ವರ್ಷದ ಮಗನ ಲೆಕ್ಕದಲ್ಲೂ ದಿನಕ್ಕೆ 18.50 ಡಾಲರ್ ಟಿಪ್ಸ್

ಹಡಗು ಹತ್ತಿದ ಮರುದಿನ ಬೆಳಿಗ್ಗೆ ಕ್ಯಾಬಿನ್ನಿನ ಟಿ.ವಿ.ಯಲ್ಲಿ ನಮ್ಮ ಖಾತೆ ತೆಗೆದು ನೋಡಿದೆವು. ಅಷ್ಟರವರೆಗೆ ಒಂದು ಕಾಫಿಗೂ ದುಡ್ಡು ಬಿಚ್ಚಿರಲಿಲ್ಲ. ಆದರೂ 74 ಡಾಲರ್ ಬಿದ್ದಿತ್ತು. ನಾಲ್ಕು ಜನರ ಹೆಸರು, ಒಂದೊಂದು ಹೆಸರಿನ ಎದುರು 18.50, ಪಕ್ಕದಲ್ಲಿ ಗ್ರಾಚ್ಯುಟಿ ಅನ್ನುವ ಪದ. ನನ್ನ ಗಂಡ ಬ್ಯಾಂಕಿನಲ್ಲಿ ಇರುವವರು. ನಮ್ಮಲ್ಲಿ ಗ್ರಾಚ್ಯುಟಿ ಅಂದರೆ ನಿವೃತ್ತಿಯಾದಾಗ ಕೈಗೆ ಬರುವ ದುಡ್ಡು. ಹಡಗಿನಲ್ಲಿ ಅದರ ಅರ್ಥ ಟಿಪ್ಸ್. ಕೊನೆಯ ಸಾಲಿನಲ್ಲಿ ಇದ್ದದ್ದು ನಮ್ಮ ಚಿಕ್ಕವನ ಹೆಸರು. ಅವನಿಗೆ ನಾಲ್ಕು ವರ್ಷ.

ನಮ್ಮ ಮನೆ ಸುರತ್ಕಲ್‌ನಲ್ಲಿ. ಲೈಟ್‌ಹೌಸ್ ಹತ್ತಿರದ ಬೀಚಿಗೆ ಹೋದರೆ ಪಣಂಬೂರು ಬಂದರಿನ ಒಳಗೆ ಬರಲು ಕಾದು ನಿಂತ ಹಡಗುಗಳು ದೂರದಲ್ಲಿ ಕಾಣುತ್ತವೆ. ಅವನ್ನು ನೋಡಿ ನೋಡಿ ಎಂಟು ವರ್ಷದ ಮಗಳು "ಒಂದು ಸಲ ಹತ್ತಬೇಕು ಅಮ್ಮ" ಅಂತ ಹಿಂದೆ ಬಿದ್ದಿದ್ದಳು. ದಸರಾ ರಜೆಯಲ್ಲಿ ಹೊರಟೆವು. ಬೆಂಗಳೂರಿಗೆ ಬಸ್ಸು, ಅಲ್ಲಿಂದ ಸಿಂಗಾಪುರಕ್ಕೆ ವಿಮಾನ, ಮರೀನಾ ಬೇಯಲ್ಲಿ ಹಡಗು. ಪೆನಾಂಗ್, ಫುಕೆಟ್ ಮುಟ್ಟಿ ವಾಪಸ್ಸು. ಒಟ್ಟು ನಾಲ್ಕು ರಾತ್ರಿ.

ಹಡಗಿನ ಹೆಸರನ್ನಾಗಲಿ ಟಿಕೆಟ್ ಮಾಡಿಸಿದ ಏಜೆನ್ಸಿಯ ಹೆಸರನ್ನಾಗಲಿ ಬರೆಯುವುದಿಲ್ಲ. ದೊಡ್ಡ ಕ್ರೂಸ್ ಕಂಪನಿಗಳಲ್ಲಿ ಹೆಚ್ಚಿನವರ ಪದ್ಧತಿ ಹೀಗೇ ಇದೆ. ನಾನು ಬರೆಯಲು ಕೂತದ್ದು ಮಕ್ಕಳನ್ನು ಕಟ್ಟಿಕೊಂಡು ಹೊರಡುವ ನಮ್ಮ ಊರಿನವರಿಗೆ ಅಲ್ಲಿಯ ಸೇವೆ ಹೇಗಿತ್ತು, ಟಿಪ್ಸ್‌ಗೆ ಎಷ್ಟು ಎತ್ತಿಡಬೇಕು ಅಂತ ಹೇಳುವುದಕ್ಕೆ. ಏಜೆನ್ಸಿಯವರು "ಎಲ್ಲಾ ಸೇರಿ ಇಷ್ಟು ಮೇಡಂ, ಶಾಪಿಂಗ್ ಬಿಟ್ಟರೆ ಬೇರೆ ಎಂತ ಖರ್ಚಿಲ್ಲ" ಅಂದಿದ್ದರು. ನಾಲ್ಕು ಜನ, ನಾಲ್ಕು ರಾತ್ರಿ, ಒಟ್ಟು 296 ಡಾಲರ್. ನಮ್ಮ ದುಡ್ಡಿನಲ್ಲಿ ₹25,000 ದಾಟುತ್ತದೆ. ಒಂದು ಮಾತು ಮೊದಲೇ ಹೇಳಿದ್ದರೆ ಎತ್ತಿಟ್ಟುಕೊಳ್ಳುತ್ತಿದ್ದೆವು, ಅಲ್ವಾ? ಟಿಕೆಟ್ ಮಾಡಿಸುವಾಗಲೇ ಇದನ್ನು ಕಟ್ಟಿಬಿಡಬಹುದಿತ್ತು ಅನ್ನುವುದೂ ಆಮೇಲೆ ಗೊತ್ತಾಯಿತು. ನೀವು ಮಾಡಿಸುವಾಗ "ಗ್ರಾಚ್ಯುಟಿ ಸೇರಿದೆಯಾ, ಮಕ್ಕಳದ್ದೂ ಸೇರಿದೆಯಾ" ಅಂತ ಎರಡು ಸಲ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಟಿಪ್ಸ್ ಅಂದರೆ ನಮಗೆ ಗೊತ್ತಿರುವುದು ಬೇರೆ. ಹೋಟೆಲಿನಲ್ಲಿ ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಜೊತೆ ಹತ್ತೋ ಇಪ್ಪತ್ತೋ ಬಿಟ್ಟು ಏಳುತ್ತೇವೆ. ಮಕ್ಕಳ ತಲೆ ಎಣಿಸಿ ಯಾರೂ ಕೊಡುವುದಿಲ್ಲ. ಹೋಟೆಲಿನವರು ತಾವಾಗಿ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನನ್ನ ಗಂಡನಿಗೆ ಇದೆಲ್ಲ ಬಾಯಿಪಾಠ. "ನಮ್ಮದು ತೆಗೆಯುವುದು ಬೇಡ, ಮಕ್ಕಳದ್ದು ತೆಗೆಸಿ ಬಾ" ಅಂದರು. ನನಗೂ ಸರಿ ಅನ್ನಿಸಿತು. ಇಬ್ಬರು ಮಕ್ಕಳದ್ದು ತೆಗೆಸಿದರೆ 148 ಡಾಲರ್ ಉಳಿಯುತ್ತದೆ.

ಗೆಸ್ಟ್ ಸರ್ವಿಸ್ ಕೌಂಟರ್‌ನಲ್ಲಿ ಸಾಲು ಇತ್ತು. ನನ್ನ ಮುಂದೆ ಇನ್ನೂ ಎರಡು ಕುಟುಂಬ ಇದೇ ಕೆಲಸಕ್ಕೆ ನಿಂತಿತ್ತು. ಕೌಂಟರಿನ ಹುಡುಗಿ ಯಾಕೆ ಏನು ಅಂತ ಕೇಳಲಿಲ್ಲ. ಒಂದು ಹಾಳೆಯ ಫಾರಂ ಕೊಟ್ಟು ತುಂಬಿಸಿ ತನ್ನಿ ಅಂದಳು. ಕನ್ನಡಕ ಮರೆತು ಬಂದಿದ್ದೆ. ಫಾರಂ ಹಿಡಿದುಕೊಂಡು ಕ್ಯಾಬಿನ್ನಿಗೆ ವಾಪಸ್ ಬಂದೆ.

ಒಳಗೆ ನಮ್ಮ ಸ್ಟುವರ್ಡ್, ಅಂದರೆ ಕ್ಯಾಬಿನ್ ನೋಡಿಕೊಳ್ಳುವವನು, ಕೆಲಸ ಮಾಡುತ್ತಿದ್ದ. ಬಾಲಿಯ ಹುಡುಗ. ನಾಲ್ಕು ಜನರ ಕ್ಯಾಬಿನ್ ಅಂದರೆ ಹೀಗೆ: ಹಗಲು ಸೋಫಾ, ರಾತ್ರಿ ಅದೇ ಹಾಸಿಗೆ. ಇನ್ನೊಂದು ಮಂಚ ಚಾವಣಿಯಿಂದ ಕೆಳಗೆ ಇಳಿಯುತ್ತದೆ, ಅದಕ್ಕೊಂದು ಏಣಿ. ದಿನಾ ಸಂಜೆ ಬಿಚ್ಚಬೇಕು, ದಿನಾ ಬೆಳಿಗ್ಗೆ ಮಡಚಬೇಕು. ಗಂಡ ಹೆಂಡತಿ ಇಬ್ಬರೇ ಇರುವ ಕ್ಯಾಬಿನ್ನಿನಲ್ಲಿ ಈ ಕೆಲಸವೇ ಇಲ್ಲ. ಅವನು ಮೊಣಕಾಲೂರಿ ಸೋಫಾದ ಸಂದಿಗೆ ಕೈ ಹಾಕಿದ್ದ. ಒಳಗಿಂದ ಬಂದದ್ದು ನನ್ನ ಮಗನ ಅರ್ಧ ತಿಂದ ಬಿಸ್ಕತ್ತು, ಎರಡು ಕ್ರೆಯಾನ್, ಒಂದು ಒದ್ದೆ ಸಾಕ್ಸ್. ಸಾಕ್ಸನ್ನು ಹಿಂಡಿ ಬಚ್ಚಲಿನ ಹಗ್ಗಕ್ಕೆ ಹಾಕಿದ. ಕ್ರೆಯಾನ್ ಎರಡನ್ನೂ ಒರೆಸಿ ಮಗನ ದಿಂಬಿನ ಹತ್ತಿರ ಸಾಲಾಗಿ ಇಟ್ಟ. ತನಗೂ ಮೂರು ವರ್ಷದ ಮಗಳಿದ್ದಾಳೆ ಅಂತ ಹೇಳಿ, ಫೋನಿನಲ್ಲಿ ಫೋಟೋ ತೋರಿಸಿ ಪಕ್ಕದ ಕ್ಯಾಬಿನ್ನಿಗೆ ಹೋದ.

ಫಾರಂ ಅನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟು ತಮ್ಮನಿಗೆ ವಾಟ್ಸಾಪ್ ಮಾಡಿದೆ. ನನ್ನ ತಮ್ಮ ಎಂಟು ವರ್ಷ ಶಿಪ್ಪಿನಲ್ಲಿ ಇದ್ದವನು, ಇದೇ ಕ್ಯಾಬಿನ್ ಸ್ಟುವರ್ಡ್ ಕೆಲಸ. ಈಗ ಊರಲ್ಲೇ ಇದ್ದಾನೆ. ನಮ್ಮ ಕಡೆ ಒಂದೊಂದು ಬೀದಿಯಲ್ಲೂ ಶಿಪ್ಪಿಗೆ ಹೋಗಿ ಬಂದವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಹೊರಡುವ ಮೊದಲೇ ಅವನನ್ನು ಕೇಳಬೇಕಿತ್ತು.

ಅವನು ತುಳುವಿನಲ್ಲಿ ಉದ್ದದ ವಾಯ್ಸ್ ಮೆಸೇಜ್ ಕಳಿಸಿದ. "ಅಕ್ಕ, ಮಕ್ಕಳದ್ದೇ ತೆಗೆಸಬೇಡ. ಬೇಕಾದರೆ ಬಾವನದ್ದು ತೆಗೆಸು. ಬಾವ ಎಂತ ಮಾಡ್ತಾರೆ, ಒಂದು ಟವೆಲ್ ಉಪಯೋಗಿಸ್ತಾರೆ, ಹೋಗ್ತಾರೆ. ಕೆಲಸ ಇರುವುದು ಮಕ್ಕಳಿಂದ." ಅವನ ಪಾಲಿಗೆ ಹದಿನಾರೋ ಹದಿನೇಳೋ ಕ್ಯಾಬಿನ್ ಬರುತ್ತಿತ್ತಂತೆ. ಅದರಲ್ಲಿ ಐದಾರು ಮಕ್ಕಳಿರುವ ಕ್ಯಾಬಿನ್ ಬಂದರೆ ಮಧ್ಯಾಹ್ನದ ನಿದ್ದೆ ಹೋಯಿತು ಅಂತಲೇ ಲೆಕ್ಕ. ಸಂಬಳ ಕಡಿಮೆ, ಮನೆಗೆ ಕಳಿಸುವ ದುಡ್ಡಿನಲ್ಲಿ ದೊಡ್ಡ ಪಾಲು ಟಿಪ್ಸಿನದ್ದೇ. ಇನ್ನೊಂದು ವಿಷಯ ಹೇಳಿದ, ಇದು ನನಗೆ ಗೊತ್ತೇ ಇರಲಿಲ್ಲ. ಅವನಿದ್ದ ಹಡಗಿನಲ್ಲಿ ಯಾರಾದರೂ ಖಾತೆಯ ಟಿಪ್ಸ್ ತೆಗೆಸಿ ಕೈಯಲ್ಲಿ ದುಡ್ಡು ಕೊಟ್ಟರೆ, ಆ ದುಡ್ಡನ್ನು ಇವರು ಒಟ್ಟು ಪಾಲಿಗೆ ತಿರುಗಿ ಕಟ್ಟಬೇಕಿತ್ತಂತೆ. ಖಾತೆಯದ್ದು ಹಾಗೇ ಬಿಟ್ಟು ಮೇಲಿಂದ ಕೊಟ್ಟರೆ ಮಾತ್ರ ಅದು ಅವನ ಜೇಬಿಗೆ. "ನಾವು ನೇರವಾಗಿ ಕೈಗೇ ಕೊಡುತ್ತೇವೆ" ಅಂತ ಒಳ್ಳೆ ಮನಸ್ಸಿನಿಂದ ತೆಗೆಸುವವರೂ ಇದ್ದಾರೆ. ಅವರು ಇದನ್ನು ತಿಳಿದುಕೊಳ್ಳಬೇಕು.

ಆ ಮೆಸೇಜ್ ಕೇಳುವಾಗ ನನಗೆ ಒಂದು ಡಿಸೆಂಬರ್ ನೆನಪಾಯಿತು. ತಮ್ಮನ ಹಡಗು ನಮ್ಮ ಪಣಂಬೂರಿಗೇ ಬಂದಿತ್ತು. ಚಳಿಗಾಲದಲ್ಲಿ ವಿದೇಶಿ ಪ್ರವಾಸಿಗರ ಹಡಗು ಇಲ್ಲಿ ಬರುವುದುಂಟು. ಪ್ರವಾಸಿಗರು ಬಸ್ಸಿನಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ ನೋಡಲು ಹೋದರು. ತಮ್ಮನಿಗೆ ಮೂರು ಗಂಟೆ ಹೊರಗೆ ಹೋಗಲು ಬಿಟ್ಟರು. ಏಳು ತಿಂಗಳಾಗಿತ್ತು ಅವನನ್ನು ನೋಡದೆ. ಅಮ್ಮ ಬೆಳಿಗ್ಗೆಯೇ ಬಂಗುಡೆ ಪುಳಿಮುಂಚಿ ಮಾಡಿ, ಕುಚ್ಚಲಕ್ಕಿ ಅನ್ನ ಬೇಯಿಸಿ ಕಾದು ಕೂತಿದ್ದರು. ಬಂದವನು ಊಟ ಮಾಡಿದ. ಕೈ ತೊಳೆದು, ಐದು ನಿಮಿಷ ಅಂತ ಚಾಪೆಯ ಮೇಲೆ ಒರಗಿದವನು ಹಾಗೇ ನಿದ್ದೆ ಹೋದ. ಕೇಳಬೇಕು ಅಂತಿದ್ದ ಮಾತೆಲ್ಲ ನಮ್ಮ ಬಾಯಲ್ಲೇ ಉಳಿಯಿತು. ಕರೆಂಟ್ ಹೋಗಿತ್ತು. ಅಮ್ಮ ಹತ್ತಿರ ಕೂತು ಬೀಸಣಿಗೆ ಬೀಸುತ್ತಾ ಇದ್ದರು. ಅವನ ಅಂಗೈ ಮೇಲ್ಮುಖವಾಗಿ ಬಿದ್ದಿತ್ತು. ಬಚ್ಚಲು ತೊಳೆಯುವ ಔಷಧಿಗೆ ಬೆರಳಿನ ಗೆರೆಗಳೆಲ್ಲ ಬಿರಿದಿದ್ದವು. ಅಮ್ಮ ಆ ಕೈಗೆ ತೆಂಗಿನೆಣ್ಣೆ ಹಚ್ಚಿದರು, ಅವನಿಗೆ ಎಚ್ಚರವಾಗಲಿಲ್ಲ. ಹೊತ್ತಾಯಿತು ಅಂತ ಎಬ್ಬಿಸಿ ಕಳಿಸಿದೆವು.

ಕಡಲ ಕೆಲಸಗಾರರಿಗೆ 2006ರ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ. ಭಾರತ 2015ರಲ್ಲಿ ಅದನ್ನು ಒಪ್ಪಿಕೊಂಡಿತು. ಅದರ ಪ್ರಕಾರ 24 ಗಂಟೆಯಲ್ಲಿ ಕಡಿಮೆ ಅಂದರೂ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ಆ 10 ಗಂಟೆಯನ್ನು ಎರಡು ತುಂಡು ಮಾಡಬಹುದು, ಒಂದು ತುಂಡು 6 ಗಂಟೆಯಾದರೂ ಇರಬೇಕು. ಅಂದರೆ ಒಂದೇ ಸಲಕ್ಕೆ ಆರು ಗಂಟೆ ಮಲಗಲು ಸಿಕ್ಕಿದರೂ ಕಾನೂನು ಪಾಲಿಸಿದ ಹಾಗೆ ಆಯಿತು. ವಾರದ ರಜೆ ಅನ್ನುವುದು ತಮ್ಮನಿಗೆ ಇರಲಿಲ್ಲ. ತಿಂಗಳುಗಟ್ಟಲೆ ಹೀಗೇ.

ಫಾರಂ ಡ್ರಾಯರಿನಲ್ಲೇ ಇತ್ತು. ಅದೇ ರಾತ್ರಿ ಪೆನಾಂಗ್ ಬಿಟ್ಟ ಮೇಲೆ ಕಡಲು ಸ್ವಲ್ಪ ಏರಿತು. ರಾತ್ರಿ ಒಂದೂವರೆಗೆ ಮಗ ಎದ್ದು ಕೂತ. "ಅಮ್ಮಾ" ಅಂದದ್ದೊಂದೇ ಗೊತ್ತು. ಹಾಸಿಗೆ, ಹೊದಿಕೆ, ಕಾರ್ಪೆಟ್, ಕೆಳಗೆ ಇಟ್ಟಿದ್ದ ನನ್ನ ಬ್ಯಾಗು, ಎಲ್ಲದರ ಮೇಲೂ ವಾಂತಿ. ಫೋನ್ ಮಾಡಿದೆ. ಹತ್ತು ನಿಮಿಷದೊಳಗೆ ಒಬ್ಬ ಹುಡುಗ ಬಂದ, ರಾತ್ರಿ ಪಾಳಿಯವನು, ಫಿಲಿಪೀನ್ಸ್‌ನವನು. ಮುಖ ಸಿಂಡರಿಸಲಿಲ್ಲ. ಮೊದಲು ಮಗನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಒಂದು ಹಸಿರು ಸೇಬಿನ ಹೋಳು ಕೊಟ್ಟ. ಹೊಟ್ಟೆ ತೊಳೆಸುವಾಗ ಹಡಗಿನವರು ಕೊಡುವುದು ಅದನ್ನೇ. ಆಮೇಲೆ ಹಾಸಿಗೆ ಬಟ್ಟೆ ಎಲ್ಲಾ ಕೆಂಪು ಚೀಲಕ್ಕೆ ತುಂಬಿ, ಕಾರ್ಪೆಟ್ಟಿಗೆ ಪುಡಿ ಹಾಕಿ, ಉಜ್ಜಿ, ಒರೆಸಿ, ಹೊಸ ಹಾಸಿಗೆ ಹಾಸಿದ. ನನ್ನ ಬ್ಯಾಗನ್ನು ನಾನೇ ತೊಳೆಯುತ್ತೇನೆ ಅಂದರೂ ಬಿಡಲಿಲ್ಲ. ಮುಕ್ಕಾಲು ಗಂಟೆಯಾಯಿತು. ಹೋಗುವಾಗ ಐದು ಡಾಲರ್ ಕೊಟ್ಟೆ. ಬೇಡ ಬೇಡ ಅಂದ. ಮಗನ ಕೈಯಲ್ಲಿ ಕೊಡಿಸಿದ ಮೇಲೆ ತೆಗೆದುಕೊಂಡ. ಬೆಳಿಗ್ಗೆ ಎದ್ದು ಮೊದಲು ಮಾಡಿದ ಕೆಲಸ ಆ ಫಾರಂ ಹರಿದು ಬುಟ್ಟಿಗೆ ಹಾಕಿದ್ದು. ಗಂಡ ನೋಡಿದರು, "ಸರಿ" ಅಂದರು, ಮತ್ತೆ ಆ ವಿಷಯ ಎತ್ತಲಿಲ್ಲ.

ಇನ್ನು ಊಟದ ಮನೆ. ದಿನಾ ರಾತ್ರಿ ಒಂದೇ ಮೇಜು, ಅದೇ ವೇಟರ್, ಅದೇ ಅಸಿಸ್ಟೆಂಟ್ ವೇಟರ್. ಮಕ್ಕಳಿದ್ದವರು ಈ ಪದ್ಧತಿಯನ್ನೇ ಆರಿಸಿಕೊಳ್ಳಿ, ಬಫೆಗೆ ಓಡಬೇಡಿ. ವೇಟರ್ ಗೋವಾದವರು, ನಲವತ್ತು ದಾಟಿರಬಹುದು. ಶಾಲೆಯ ಗೆಳತಿಯರಿಂದ ಕಲಿತ ನನ್ನ ಹರಕು ಕೊಂಕಣಿಯಲ್ಲಿ ಎರಡು ಮಾತಾಡಿದ್ದೇ ಸಾಕು, ಅವರ ಮುಖ ಅರಳಿತು. ಮೊದಲ ರಾತ್ರಿ ಮಗ ಎಂತದ್ದೂ ತಿನ್ನಲಿಲ್ಲ. ಎರಡನೇ ರಾತ್ರಿ ನಾವು ಕೂರುವ ಮೊದಲೇ ಅವನ ಜಾಗದಲ್ಲಿ ಒಂದು ಬಟ್ಟಲು ಮೊಸರನ್ನ ಇತ್ತು, ಮೆತ್ತಗೆ ಕಲಸಿದ್ದು, ಸಾಸಿವೆ ಮೆಣಸು ಹಾಕದ್ದು. ನಾನು ಕೇಳಿರಲಿಲ್ಲ. ಮಗಳ ಚಿಕನ್ನನ್ನು ಅವರೇ ಸಣ್ಣಗೆ ಕತ್ತರಿಸಿ ಕೊಡುತ್ತಿದ್ದರು. ಅಸಿಸ್ಟೆಂಟ್ ಹುಡುಗಿ ಮೂರನೇ ಸಲ ಚೆಲ್ಲಿದ ಜ್ಯೂಸ್ ಒರೆಸುವಾಗಲೂ ಮಗನ ಜೊತೆ ಹಾಡು ಹೇಳುತ್ತಿದ್ದಳು. ಹದಿನೈದು ವರ್ಷದ ಮದುವೆ ಜೀವನದಲ್ಲಿ ಬಿಸಿ ಊಟ ಬಿಸಿಯಾಗಿರುವಾಗಲೇ ನಾನು ತಿಂದದ್ದು ತುಂಬಾ ಕಡಿಮೆ. ಆ ಮೂರು ರಾತ್ರಿ ತಿಂದೆ.

ಮಕ್ಕಳ ಕ್ಲಬ್ ಕೂಡ ಚೆನ್ನಾಗಿತ್ತು. ಮೂರು ವರ್ಷ ತುಂಬಿ, ಡೈಪರ್ ಬಿಟ್ಟ ಮಕ್ಕಳನ್ನು ಅಲ್ಲಿ ಬಿಡಬಹುದು. ರಾತ್ರಿ ಹತ್ತರವರೆಗೆ ದುಡ್ಡಿಲ್ಲ, ಆಮೇಲೆ ಗಂಟೆಗೆ ಇಷ್ಟು ಅಂತ. ನಾವು ಹೇಳಿದ ಗುಟ್ಟಿನ ಸಂಖ್ಯೆ ಹೇಳದೆ ಯಾರಿಗೂ ಮಗುವನ್ನು ಕೊಡುವುದಿಲ್ಲ, ನನ್ನ ಗಂಡ ಸಂಖ್ಯೆ ಮರೆತಾಗ ಅವರನ್ನೂ ಹೊರಗೇ ನಿಲ್ಲಿಸಿದರು. ಮೂವರು ಹುಡುಗಿಯರು, ಇಪ್ಪತ್ತೈದು ಮೂವತ್ತು ಮಕ್ಕಳು. ಈ ಕ್ಲಬ್ಬಿನವರ ಬಗ್ಗೆ ನಾನು ಕೌಂಟರಿನಲ್ಲಿ ಕೇಳಿದೆ. ನಮ್ಮ ಹಡಗಿನಲ್ಲಿ ದಿನದ 18.50 ಡಾಲರ್ ಹಂಚಿಕೆಯಾಗುವುದು ಕ್ಯಾಬಿನ್, ಊಟದ ಮನೆ, ಮತ್ತು ಹಿಂದೆ ನಿಂತು ಬಟ್ಟೆ ಒಗೆಯುವ, ಪಾತ್ರೆ ತೊಳೆಯುವವರಿಗೆ. ಮಕ್ಕಳ ಕ್ಲಬ್ಬಿಗೆ ಅದರಲ್ಲಿ ಪಾಲಿಲ್ಲ. ಮಕ್ಕಳನ್ನು ದಿನವಿಡೀ ಅವರ ಕೈಗೆ ಕೊಟ್ಟು, ಅವರಿಗೆ ಏನೂ ಕೊಡದೆ ಇಳಿದು ಬಂದರೆ ಹೇಗೆ? ಇದನ್ನು ನೀವು ಹತ್ತುವ ಹಡಗಿನಲ್ಲೂ ತಪ್ಪದೆ ಕೇಳಿ.

ನಾವು ಮೇಲಿಂದ ಕೈಯಲ್ಲಿ ಕೊಟ್ಟದ್ದು ಇಷ್ಟು. ಸ್ಟುವರ್ಡ್‌ಗೆ 25 ಡಾಲರ್. ವೇಟರ್ ಮತ್ತು ಅಸಿಸ್ಟೆಂಟ್‌ಗೆ 15ರಂತೆ. ಕ್ಲಬ್ಬಿನ ಮೂವರಿಗೆ ಹತ್ತತ್ತು. ರಾತ್ರಿ ಬಂದ ಹುಡುಗನಿಗೆ ಐದು. ಕ್ಯಾಬಿನ್ನಿಗೆ ಹಾಲು ತಂದುಕೊಟ್ಟವರಿಗೆ ಪ್ರತಿ ಸಲ ಎರಡು, ಮೂರು ಸಲ. ಒಟ್ಟು 96 ಡಾಲರ್. ನಮ್ಮಂಥ ಸಂಬಳದ ಕುಟುಂಬಕ್ಕೆ ಇದು ಸಣ್ಣ ದುಡ್ಡಲ್ಲ, ಫುಕೆಟ್‌ನಲ್ಲಿ ದೋಣಿ ಪ್ರವಾಸ ಬಿಟ್ಟು ಬೀಚಿಗೆ ಹೋಗಿ ಬಂದೆವು. ಅಷ್ಟು ಆಗದಿದ್ದರೆ ಖಾತೆಯದ್ದನ್ನು ಮುಟ್ಟದೆ ಬಿಡಿ, ಅದೇ ದೊಡ್ಡದು. ಎಲ್ಲಾ ಕಡೆ ಒಂದೇ ನಿಯಮವೂ ಇಲ್ಲ. ಕೆಲವು ಕಂಪನಿಗಳು ಎರಡು ಅಥವಾ ಮೂರು ವರ್ಷದೊಳಗಿನ ಮಕ್ಕಳ ಲೆಕ್ಕ ಹಿಡಿಯುವುದಿಲ್ಲ. ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ 2019ರಿಂದ ಟಿಪ್ಸನ್ನು ಬೇರೆಯಾಗಿ ಹಾಕುವುದನ್ನೇ ನಿಲ್ಲಿಸಿ ಟಿಕೆಟ್ಟಿನಲ್ಲಿ ಸೇರಿಸಿದೆ. ಎಲ್ಲರೂ ಹಾಗೇ ಮಾಡಿದರೆ ಎಷ್ಟು ಒಳ್ಳೆಯದು. ಗಿರಾಕಿಗೆ ಗಲಿಬಿಲಿ ಇಲ್ಲ, ಕೆಲಸದವರು ನಮ್ಮ ಮನಸ್ಸನ್ನು ನಂಬಿ ಬದುಕಬೇಕಾಗಿಲ್ಲ.

ನೋಟಿನ ಬಗ್ಗೆ ಒಂದು ಮಾತು. ಮಂಗಳೂರಿನಲ್ಲಿ ಡಾಲರ್ ತೆಗೆದುಕೊಂಡಾಗ ನಮಗೆ ಸಿಕ್ಕಿದ್ದು ಬರೀ ನೂರರ ನೋಟು. ಒಂದು, ಐದು, ಹತ್ತರ ನೋಟು ಬೇಕು ಅಂತ ಮೊದಲೇ ಹೇಳಿಡಿ. ಹಡಗಿನಲ್ಲಿ ಚಿಲ್ಲರೆ ಮಾಡಿಸಬಹುದು, ಆದರೆ ಕೊನೆಯ ದಿನ ಅಲ್ಲಿ ಭಾರಿ ಸಾಲು. ನಮ್ಮ ರೂಪಾಯಿ, ಯಾವ ದೇಶದ್ದೇ ಆಗಲಿ ನಾಣ್ಯ, ಇದನ್ನು ಕೊಡಬೇಡಿ. ಅದನ್ನು ಬದಲಾಯಿಸಲು ಅವರಿಗೆ ಜಾಗ ಸಿಗುವುದಿಲ್ಲ ಅಂತ ತಮ್ಮ ಹೇಳಿದ. ಮಕ್ಕಳಿಗೆ ಮಾಕ್‌ಟೇಲ್ ಕೊಡಿಸಿದರೆ ಆ ಬಿಲ್ಲಿಗೆ ಆಗಲೇ 18% ಟಿಪ್ಸ್ ಸೇರಿರುತ್ತದೆ. ಕೆಳಗೆ ಇನ್ನೊಂದು ಟಿಪ್ಸ್ ಸಾಲು ಖಾಲಿ ಇರುತ್ತದೆ. ಅದನ್ನು ತುಂಬಲೇಬೇಕು ಅಂತ ಏನೂ ಇಲ್ಲ, ನಾನು ಮೊದಲ ದಿನ ಗೊತ್ತಿಲ್ಲದೆ ತುಂಬಿದೆ. ಸಿಂಗಾಪುರದಲ್ಲಿ ಇಳಿದ ಮೇಲೆ ಟಿಪ್ಸ್ ಪದ್ಧತಿ ಇಲ್ಲ, ಹೆಚ್ಚಿನ ರೆಸ್ಟೋರೆಂಟ್‌ಗಳು ಬಿಲ್ಲಿನಲ್ಲೇ 10% ಸೇರಿಸುತ್ತವೆ.

ಹಿಡಿಸದ್ದೂ ಉಂಟು. ವೈಫೈ ದುಬಾರಿ. ಬಫೆಯ ಇಡ್ಲಿ ಕಲ್ಲು. ಮಕ್ಕಳ ಈಜುಕೊಳದಲ್ಲಿ ಮಧ್ಯಾಹ್ನ ಕಾಲಿಡಲು ಜಾಗ ಇರಲಿಲ್ಲ. ಆದರೆ ಸೇವೆಗೆ ಐದಕ್ಕೆ ಐದು.

ಕೊನೆಯ ರಾತ್ರಿ ಮಗಳು ಕೂತು ಆರು ಕವರ್ ಮಾಡಿದಳು. ಒಂದೊಂದರ ಮೇಲೂ ಹಡಗಿನ ಚಿತ್ರ, ಕೆಳಗೆ ಕನ್ನಡದಲ್ಲಿ ಧನ್ಯವಾದ. ದುಡ್ಡಿನ ಜೊತೆ ಊರಿನಿಂದ ತಂದಿದ್ದ ಬಾಳೆಕಾಯಿ ಚಿಪ್ಸಿನ ಸೀಲ್ ಒಡೆಯದ ಪ್ಯಾಕೆಟ್ ಒಂದೊಂದು. ಮಕ್ಕಳೇ ಕೊಟ್ಟರು. ಗೋವಾದ ವೇಟರ್ ಆ ಅಕ್ಷರವನ್ನು ಓದಿಸಿಕೊಂಡು ಎರಡು ಸಲ ಹೇಳಿ ಕಲಿತರು. ಬೆಳಿಗ್ಗೆ ಏಳೂವರೆಗೆ ನಾವು ಹೊರಡುವಾಗ ಬಾಲಿಯ ಹುಡುಗ ಆಗಲೇ ಪಕ್ಕದ ಕ್ಯಾಬಿನ್ನಿನ ಹಾಸಿಗೆ ಕೀಳುತ್ತಿದ್ದ. ಅದೇ ದಿನ ಮಧ್ಯಾಹ್ನ ಅವನ ಎಲ್ಲಾ ಕ್ಯಾಬಿನ್ನಿಗೂ ಹೊಸ ಜನ ಬರುತ್ತಾರೆ. ಟವೆಲ್ಲಿನಲ್ಲಿ ಮಾಡಿದ ಒಂದು ಆನೆಯನ್ನು ಮಗನಿಗೆ ತೋರಿಸಿ, ಸೊಂಡಿಲು ಅಲ್ಲಾಡಿಸಿ, ಮತ್ತೆ ಕೆಲಸಕ್ಕೆ ತಿರುಗಿದ.

ಮನೆಗೆ ಬಂದ ಮೂರನೇ ದಿನ ಕಂಪನಿಯಿಂದ ಇಮೇಲ್‌ನಲ್ಲಿ ಸರ್ವೆ ಬಂತು. ಅದರಲ್ಲಿ ಹೆಸರು ಬಂದರೆ ಮುಂದಿನ ಕಾಂಟ್ರಾಕ್ಟಿಗೆ, ಬಡ್ತಿಗೆ ಅನುಕೂಲ ಅಂತ ತಮ್ಮ ಹೇಳಿದ್ದ, ದುಡ್ಡಿನಷ್ಟೇ ಅದೂ ಮುಖ್ಯವಂತೆ. ಎಲ್ಲರ ಎದೆಯ ಮೇಲಿನ ಹೆಸರಿನ ಪಟ್ಟಿಯ ಫೋಟೋವನ್ನು ಅವರನ್ನೇ ಕೇಳಿ ತೆಗೆದಿಟ್ಟಿದ್ದೆ, ಸ್ಪೆಲಿಂಗ್ ತಪ್ಪಬಾರದು ಅಂತ. ಆರು ಜನರ ಹೆಸರು ಹಾಕಿ, ಒಬ್ಬೊಬ್ಬರು ಏನು ಮಾಡಿದರು ಅಂತ ಎರಡೆರಡು ಸಾಲು ಬರೆದು, ಕಳಿಸುವ ಮೊದಲು ತಮ್ಮನಿಗೆ ತೋರಿಸಿದೆ.

"ರಾತ್ರಿ ಬಂದ ಹುಡುಗ ಎಲ್ಲಿ ಅಕ್ಕ?" ಅಂದ.

ಅವನ ಪಟ್ಟಿಯ ಫೋಟೋ ನನ್ನ ಹತ್ತಿರ ಇರಲಿಲ್ಲ. ಆ ಗಡಿಬಿಡಿಯಲ್ಲಿ ಹೆಸರು ಕೇಳುವುದೇ ಮರೆತಿತ್ತು. ನಮ್ಮ ಕ್ಯಾಬಿನ್ ನಂಬರ್, ತಾರೀಕು, ರಾತ್ರಿ ಒಂದೂವರೆಯಿಂದ ಎರಡೂ ಕಾಲು, ಕಾರ್ಪೆಟ್ಟು, ಹಸಿರು ಸೇಬು, ಎಲ್ಲಾ ಬರೆದೆ. ಅಷ್ಟು ಕೊಟ್ಟರೆ ಡ್ಯೂಟಿ ಪಟ್ಟಿಯಲ್ಲಿ ಹುಡುಕುತ್ತಾರೆ ಅಂತ ತಮ್ಮ ಹೇಳಿದ ಮೇಲೆ ಕಳಿಸಿದೆ.